ಎಸ್‌ಎಸ್‌ಡಿ ಹಾಕಿದರೆ ವಿಂಡೋಸ್ ಲೈಸೆನ್ಸ್ ಹೋಗುತ್ತದೆಯೇ? ಮನೆಯವರ ವಾಟ್ಸಾಪ್ ಗುಂಪಿನ ಚರ್ಚೆ

ಬ್ರಹ್ಮಾವರ ದೊಡ್ಡಪ್ಪ (ಫಾರ್ವರ್ಡ್): ಎಚ್ಚರಿಕೆ! ಲ್ಯಾಪ್‌ಟಾಪ್‌ನ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ (ವೇಗವಾದ ಹೊಸ ಬಗೆಯ ಡಿಸ್ಕ್) ಹಾಕಿಸಿದರೆ ವಿಂಡೋಸ್ ಲೈಸೆನ್ಸ್ ಶಾಶ್ವತವಾಗಿ ರದ್ದಾಗುತ್ತದೆ. ಎಲ್ಲರಿಗೂ ತಿಳಿಸಿ.

ಬ್ರಹ್ಮಾವರ ದೊಡ್ಡಪ್ಪ: ಉಡುಪಿ ಮನೆಯ ಲ್ಯಾಪ್‌ಟಾಪನ್ನು ಅಂಗಡಿಗೆ ಕೊಡುವ ಮೊದಲು ಇದನ್ನು ಓದಿ. ಇರುವ ವಸ್ತುವನ್ನು ಜೋಪಾನವಾಗಿ ಬಳಸುವ ಅಭ್ಯಾಸ ನಮ್ಮಲ್ಲಿ ಕಡಿಮೆಯಾಗುತ್ತಿದೆ.

ಸುರತ್ಕಲ್ ಭಾವ: ಮಾವ, ಇದನ್ನು ಬರೆದವರು ಯಾರು ಎಂಬುದೇ ಸಂದೇಶದಲ್ಲಿಲ್ಲ. ಮೂಲವಿಲ್ಲದೆ ನಂಬುವುದು ಹೇಗೆ?

ಬ್ರಹ್ಮಾವರ ದೊಡ್ಡಪ್ಪ: ಅಳಿಯಂದಿರೇ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲುತ್ತದೆ ಎಂದು ನಾನು ಕಳುಹಿಸಿದಾಗಲೂ ನೀವು ಮೂಲ ಕೇಳಿದಿರಿ. ಅದು ನಿಜವಾಯಿತಲ್ಲವೇ? ನೀವು ಅದೇ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿಸಿಕೊಟ್ಟಾಗ ಉಪನಯನದ ಫೋಟೋಗಳು ಹೋದದ್ದನ್ನು ನಿಮ್ಮ ಅತ್ತೆ ಇನ್ನೂ ಮರೆತಿಲ್ಲ.

ಸುರತ್ಕಲ್ ಭಾವ: ಫೋಟೋಗಳನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ ಎಂದು ಆಗಲೇ ಇಲ್ಲಿ ಬರೆದಿದ್ದೆ. ಹುಡುಕಿದರೆ ಈಗಲೂ ಸಿಗುತ್ತದೆ.

ಕುಂದಾಪುರ ಚಿಕ್ಕಮ್ಮ: ಮಾವನವರು ನಾಗಬನದ ಜೀರ್ಣೋದ್ಧಾರದ ಲೆಕ್ಕವನ್ನೂ ವಂಶಾವಳಿಯನ್ನೂ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಇದರಲ್ಲೇ ಅಲ್ಲವೇ? ಚಾವಡಿಯಲ್ಲಿ ಕುಳಿತು ಒಂದೇ ಬೆರಳಿನಲ್ಲಿ ಅಕ್ಷರ ಒತ್ತುತ್ತಿದ್ದರು. ತಟ್ಟೆಯಲ್ಲಿ ಕೊಟ್ಟೆ ಕಡುಬು ಆರಿಹೋದರೂ ಏಳುತ್ತಿರಲಿಲ್ಲ.

ನಾನು: ಚಿಕ್ಕಮ್ಮ ಹೇಳಿದ ಅಜ್ಜಯ್ಯನ ಕಡತಗಳ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಲೈಸೆನ್ಸ್ ಹೋಗುವುದಿಲ್ಲ, ದೊಡ್ಡಪ್ಪ. ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಡಿಸ್ಕನ್ನಲ್ಲ, ಮದರ್‌ಬೋರ್ಡನ್ನು (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯನ್ನು) ಅವಲಂಬಿಸಿರುತ್ತದೆ. ಇನ್‌ಸ್ಟಾಲ್ ಮಾಡುವಾಗ ಪ್ರಾಡಕ್ಟ್ ಕೀ ಇಲ್ಲವೆಂದು ಆರಿಸಿ, ಮೊದಲಿದ್ದ ಹೋಂ ಅಥವಾ ಪ್ರೊ ಆವೃತ್ತಿಯನ್ನೇ ಹಾಕಿದರೆ, ಇಂಟರ್ನೆಟ್ ಸಿಕ್ಕ ಮೇಲೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಭಾವ ಕೇಳಿದ ಮೂಲ ಮೈಕ್ರೋಸಾಫ್ಟ್‌ನ ಸಹಾಯ ಪುಟದಲ್ಲೇ ಇದೆ. ತೊಂದರೆಯಾಗಬಹುದಾದ ಬದಲಾವಣೆಗೆ ಅದು ಕೊಡುವ ಉದಾಹರಣೆ ಮದರ್‌ಬೋರ್ಡ್. ವಿಂಡೋಸ್ 11 ಹಾಕಿಸುವುದಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದೆಯೇ, ಪ್ರೊಸೆಸರ್ ಅದರ ಪಟ್ಟಿಯಲ್ಲಿದೆಯೇ ಎಂದು ಅಂಗಡಿಯಲ್ಲಿ ಮೊದಲೇ ವಿಚಾರಿಸಬೇಕು.

ಅಜ್ಜಯ್ಯನ ಕಡತಗಳು ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರ ಪದ್ಧತಿಗೆ ಮೊದಲಿನ ನುಡಿ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಹೊಸ ವಿಂಡೋಸಿನಲ್ಲಿ ತೆರೆದರೆ ವಂಶಾವಳಿಯ ಹೆಸರುಗಳ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡು ಕಾಣುತ್ತವೆ. ಕಡತ ಕೆಟ್ಟಿದೆ ಎಂದು ತಿಳಿದು ಯಾರೂ ಅಳಿಸಬಾರದು. ನುಡಿಯನ್ನು ಮತ್ತೆ ಹಾಕಿದರೆ ಕನ್ನಡ ಮರಳಿ ಬರುತ್ತದೆ, ಅದರ ಪರಿವರ್ತಕದಿಂದ ಯೂನಿಕೋಡ್‌ಗೂ ಬದಲಾಯಿಸಿಕೊಳ್ಳಬಹುದು.

ಬ್ರಹ್ಮಾವರ ದೊಡ್ಡಪ್ಪ: ಹಿರಿಯರು ಕಳುಹಿಸಿದ್ದನ್ನು ಎಲ್ಲರೆದುರು ತಪ್ಪೆನ್ನುವ ಬದಲು ಫೋನ್ ಮಾಡಿ ಹೇಳಬಹುದಿತ್ತು.

ಸುರತ್ಕಲ್ ಭಾವ: ಎಲ್ಲರೂ ಓದಿದ ಮೇಲೆ ಉತ್ತರವೂ ಎಲ್ಲರಿಗೆ ತಲುಪಬೇಕಲ್ಲವೇ, ಮಾವ?

ನಾನು: ಅದನ್ನು ಮನೆಯಲ್ಲಿ ಮಾತಾಡೋಣ. ಈಗ ಮುಖ್ಯವಾದದ್ದು ಹಳೆಯ ಡಿಸ್ಕ್. ಅದನ್ನು ಫಾರ್ಮ್ಯಾಟ್ ಮಾಡಿಸದೆ ಹಾಗೆಯೇ ತೆಗೆಸಿ, ಯುಎಸ್‌ಬಿ ಕೇಸಿಂಗ್‌ಗೆ ಹಾಕಿಸಿ, ಬೇಕಾದದ್ದನ್ನು ಎಸ್‌ಎಸ್‌ಡಿಗೆ ಕಾಪಿ ಮಾಡಿಕೊಳ್ಳೋಣ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಡಿಸ್ಕನ್ನು ಹೊರಗೆ ತೆಗೆದ ಮೇಲೆ ಅದನ್ನೇ ಕೇಳುತ್ತದೆ.

ಕುಂದಾಪುರ ಚಿಕ್ಕಮ್ಮ: ಲೆಕ್ಕದ ಕಡತ ಡಿ ಡ್ರೈವಿನಲ್ಲಿ ‘ಬನ’ ಎಂಬ ಫೋಲ್ಡರಿನಲ್ಲಿತ್ತು. ವಂಶಾವಳಿಯೂ ಅಲ್ಲೇ ಇರಬೇಕು.

ಬ್ರಹ್ಮಾವರ ದೊಡ್ಡಪ್ಪ: ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಡಬೇಡಿ. ಕೆಲಸ ಮುಗಿದ ಮೇಲೆ ನನ್ನ ಕೈಗೆ ಕೊಡಿ.