ಅಣ್ಣಾ, ಇದನ್ನು ಪೂರ್ತಿ ಕೇಳು

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡೋಕೆ ಹೋದರೆ ಕನ್ನಡಕ ಹುಡುಕಬೇಕು, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ. ಕೆಲಸ ಇರೋರು ತರಕಾರಿ ಹೆಚ್ಚುತ್ತಾ ಕೇಳಿ.

ಅತ್ತಿಗೆ ಮೊನ್ನೆ ಗ್ರೂಪಿನಲ್ಲಿ ಕೇಳಿದ್ದರಲ್ಲ, ಪುಟ್ಟಿ ಸ್ಕೂಲ್ ಡೇಗೆ ಜೋಡಿ ಡ್ಯಾನ್ಸಿಗೆ ಸೇರಿದ್ದಾಳೆ, ಜೊತೆಗೆ ಕುಣಿಯೋದು ಅದೇ ಕ್ಲಾಸಿನ ಹುಡುಗ, ಕಳಿಸೋದಾ ಬೇಡ್ವಾ ಅಂತ. ಅಣ್ಣ ಒಂದೇ ಸಾಲು ಹಾಕಿದ: ‘ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಕುಣಿತ ಗಿಣಿತ ಏನೂ ಬೇಡ.’ ಆಮೇಲೆ ಯಾರೂ ಉಸಿರೆತ್ತಲಿಲ್ಲ. ಚಿಕ್ಕಪ್ಪನ ಮಗ ಮಾತ್ರ ‘ಟೇಕ್ ದ ಲೀಡ್’ ಅನ್ನೋ ಸಿನಿಮಾದ ಪೋಸ್ಟರ್ ಹಾಕಿ, ‘ದೊಡ್ಡಣ್ಣ, ಇದನ್ನ ನೋಡು’ ಅಂದು ಮಾಯ ಆದ. ಅಣ್ಣ ನೋಡಲ್ಲ ಅಂತ ನನಗೆ ಗೊತ್ತು. ನಾನು ನೋಡಿದೆ, ಭಾನುವಾರ, ಇಸ್ತ್ರಿ ಮಾಡ್ತಾ. ನಮ್ಮನೆಯವರ ಒಂದು ಶರ್ಟಿನ ಕಾಲರ್ ಸುಟ್ಟುಹೋಯಿತು, ಅದು ಬೇರೆ ವಿಷಯ.

2006ರ ಸಿನಿಮಾ. ಆಂಟೋನಿಯೊ ಬಾಂಡೆರಾಸ್ ಡ್ಯಾನ್ಸ್ ಮೇಷ್ಟ್ರು. ನ್ಯೂಯಾರ್ಕಿನಲ್ಲಿ ಸೂಟು ಹಾಕಿಕೊಂಡು ಸೈಕಲ್ ತುಳಿಯುವ ಮನುಷ್ಯ. ಒಂದು ರಾತ್ರಿ ಒಬ್ಬ ಹುಡುಗ ಸ್ಕೂಲಿನ ಪ್ರಿನ್ಸಿಪಾಲರ ಕಾರು ಒಡೆಯೋದನ್ನು ನೋಡುತ್ತಾನೆ. ಮಾರನೇ ದಿನ ಅದೇ ಸ್ಕೂಲಿಗೆ ಹೋಗಿ, ನಿಮ್ಮ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡ್ತೀನಿ ಅನ್ನುತ್ತಾನೆ. ಪ್ರಿನ್ಸಿಪಾಲಮ್ಮ ಇವನು ಎರಡು ದಿನಕ್ಕೆ ಓಡಿಹೋಗ್ತಾನೆ ಅಂದುಕೊಂಡು, ತಪ್ಪು ಮಾಡಿ ಶಿಕ್ಷೆಗೆ ಕೂತಿರೋ ಮಕ್ಕಳನ್ನೇ ಗಂಟು ಹಾಕುತ್ತಾರೆ. ಮಕ್ಕಳಿಗೆ ಬೇಕಿರೋದು ಹಿಪ್‌ಹಾಪ್, ಇವನು ಕಲಿಸೋದು ಕೈ ಹಿಡಿದು ಆಡುವ ಬಾಲ್‌ರೂಂ ಡ್ಯಾನ್ಸ್. ನಗುತ್ತಾರೆ, ರೇಗಿಸುತ್ತಾರೆ. ಇವನು ಬೈಯಲ್ಲ. ಒಬ್ಬ ಡ್ಯಾನ್ಸರನ್ನು ಕರೆತಂದು ಅವರ ಮುಂದೆ ಟ್ಯಾಂಗೋ ಆಡಿ ತೋರಿಸುತ್ತಾನೆ. ಅಷ್ಟೂ ಹೊತ್ತು ಕಿಚಾಯಿಸುತ್ತಿದ್ದವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

ಮುಂದೆ ಸ್ಪರ್ಧೆ, ಬಡತನ, ಕಳ್ಳದಂಧೆಗೆ ಬಿದ್ದ ಹುಡುಗ, ಎಲ್ಲ ಇದೆ. ಎರಡು ಗಂಟೆಯಲ್ಲಿ ಎಲ್ಲ ಸರಿಯೂ ಹೋಗುತ್ತೆ. ಅಷ್ಟು ಸಲೀಸಾಗಿ ಆಗಲ್ಲ ಅಂತ ಸ್ಕೂಲಿನಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಅಲ್ಲಿ ನನಗೆ ಸ್ವಲ್ಪ ಬೋರ್ ಆಯಿತು.

ಆದರೆ ಒಂದು ಸೀನು ಇದೆ ಅಣ್ಣಾ, ನಿನಗೆ ಅಂತಲೇ ಬರೆದ ಹಾಗಿದೆ. ಅಪ್ಪ ಅಮ್ಮಂದಿರ ಮೀಟಿಂಗು. ಇದೆಲ್ಲ ದಂಡ, ನಿಲ್ಲಿಸಿ ಅಂತ ಒಬ್ಬ ಮೇಷ್ಟ್ರ ಒತ್ತಾಯ. ಬಾಂಡೆರಾಸ್ ಭಾಷಣ ಮಾಡಲ್ಲ, ಹೆಜ್ಜೆ ಹಾಕಿ ತೋರಿಸುತ್ತಲೇ ಮಾತಾಡುತ್ತಾನೆ. ತನ್ನ ಮೇಲೆ ತನಗೆ ನಂಬಿಕೆ ಇರೋ ಹುಡುಗಿಯನ್ನು ಯಾವನೋ ಅಷ್ಟು ಸುಲಭಕ್ಕೆ ಹಾಳು ಮಾಡೋಕಾಗಲ್ಲ, ಹುಡುಗಿಯನ್ನು ಮರ್ಯಾದೆಯಿಂದ ಮುಟ್ಟೋದು ಕಲಿತ ಹುಡುಗ ಮುಂದೆ ಹೆಂಗಸರ ಜೊತೆ ಹೇಗೆ ನಡ್ಕೋತಾನೆ ಯೋಚನೆ ಮಾಡಿ, ಅನ್ನೋ ಅರ್ಥದ ಮಾತು. ನಿನ್ನ ಹೆದರಿಕೆಯೂ ಅದೇ ತಾನೇ? ಎಸ್ಸೆಸ್ಸೆಲ್ಸಿ ಅಂತ ಸುಮ್ನೆ ನೆಪ.

ಈ ಡ್ಯಾನ್ಸ್ ಮೇಷ್ಟ್ರು ನಿಜವಾಗಲೂ ಇರೋ ಮನುಷ್ಯ, ಪಿಯರ್ ಡುಲೇನ್ ಅಂತ. 1944ರಲ್ಲಿ ಆಗಿನ ಪ್ಯಾಲೆಸ್ಟೀನಿನ ಜಾಫಾ ಊರಿನಲ್ಲಿ ಹುಟ್ಟಿದವರು. ತಾಯಿ ಪ್ಯಾಲೆಸ್ಟೀನಿನವರು, ತಂದೆ ಐರಿಷ್. ನ್ಯೂಯಾರ್ಕ್ ಶಾಲೆಗಳಲ್ಲಿ ಕಲಿಸೋಕೆ ಶುರು ಮಾಡಿದ್ದು 1994ರಲ್ಲಿ. ಹತ್ತು ವಾರ, ಇಪ್ಪತ್ತು ಪಾಠ. ಆದರೆ ಅವರು ಮುಖ್ಯವಾಗಿ ಕಲಿಸಿದ್ದು ಐದನೇ ಕ್ಲಾಸಿನ ಮಕ್ಕಳಿಗೆ. ಸಿನಿಮಾದವರು ವಯಸ್ಸು ಏರಿಸಿದ್ದಾರೆ. ಟೀಚರ್ ಆಗಿದ್ದವಳಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಹತ್ತು ವರ್ಷದ ಮಕ್ಕಳು ‘ಛೀ’ ಅಂತ ಕೈ ಚಡ್ಡಿಗೆ ಒರೆಸಿಕೊಂಡು ಮುಂದಿನ ನಿಮಿಷ ಮರೆತುಬಿಡುತ್ತಾರೆ. ಹದಿನಾಲ್ಕರ ಮಕ್ಕಳು ಮರೆಯಲ್ಲ. ಕೈ ಬೆವರುತ್ತೆ, ಪಕ್ಕದವರು ನಗುತ್ತಾರೆ, ಮನೆಗೆ ಹೋಗಿ ಊಟ ಸರಿಯಾಗಿ ಮಾಡಲ್ಲ.

ನಾನು ಗುಬ್ಬಿ ಕಡೆಯ ಹೈಸ್ಕೂಲಿನಲ್ಲಿದ್ದಾಗ ಪ್ರತಿಭಾ ಕಾರಂಜಿಗೆ ಕೋಲಾಟ ಕಲಿಸಿದ್ದೆ, ನೆನಪಿದೆಯಾ? ಹುಡುಗರು ಹುಡುಗಿಯರು ಸೇರಿ ಹನ್ನೆರಡು ಜನ. ಮೊದಲು ಸುತ್ತು ಕಟ್ಟಿ ಕೈ ಹಿಡ್ಕೊಳ್ಳಿ ಅಂದೆ. ಒಬ್ಬರೂ ಹಿಡಿಯಲಿಲ್ಲ. ಕೊನೆಗೆ ಒಬ್ಬಳು ಕರ್ಚೀಫ್ ತೆಗೆದು ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿ ಹುಡುಗನ ಕಡೆ ಚಾಚಿದಳು. ನಕ್ಕು ನಕ್ಕು ಸಾಕಾಯಿತು. ಆಮೇಲೆ ಕೋಲು ಕೊಟ್ಟ ಮೇಲೆ ಆ ತೊಂದರೆಯೇ ಇಲ್ಲ. ಮುಟ್ಟಬೇಕಾಗಿಲ್ಲ, ಆದರೆ ಎದುರಿಗಿರೋರನ್ನು ನೋಡದೆ ಆಗಲ್ಲ. ನಮ್ಮ ಹಿರಿಯರ ಬುದ್ಧಿ ನೋಡಿ!

ಅದರಲ್ಲಿ ಒಬ್ಬ ಕ್ಲಾಸಿಗೇ ಫಸ್ಟು. ಪದ ಬಾಯಿಪಾಠ, ಲೆಕ್ಕ ತಪ್ಪಲ್ಲ. ಆದರೆ ಅವನ ಎದುರು ಬಂದೋರ ಬೆರಳು ಉಳಿಯುತ್ತಿರಲಿಲ್ಲ. ನೆಲ ನೋಡಿಕೊಂಡು, ತನ್ನ ಹೆಜ್ಜೆ ತಾನು ಎಣಿಸಿಕೊಂಡು ಪಟಾರ್ ಅಂತ ಬಿಡೋನು. ಒಂದು ದಿನ ಒಬ್ಬ ಹುಡುಗಿಯ ಹೆಬ್ಬೆರಳು ನೇರಳೆ ಹಣ್ಣಿನ ಹಾಗೆ ಊದಿತು. ಅವಳ ತಂದೆ ಬಂದು ಗಲಾಟೆ. ಅದೇ ನೆಪ ಸಾಕಾಯಿತು, ಹುಡುಗರೇ ಬೇರೆ ಹುಡುಗಿಯರೇ ಬೇರೆ ಮಾಡಿ ಅಂತ ಮೇಲಿನಿಂದ ಹೇಳಿದರು. ನಾನೂ ಸುಮ್ಮನೆ ತಲೆ ಆಡಿಸಿದೆ. ಎರಡು ತಂಡವೂ ಕ್ಲಸ್ಟರ್ ಮಟ್ಟದಲ್ಲೇ ಬಿದ್ದುಹೋದವು. ಸೋತಿದ್ದಕ್ಕೆ ಬೇಜಾರಿಲ್ಲ. ಆ ಹುಡುಗ ಅಷ್ಟೊತ್ತಿಗೆ ತಲೆ ಎತ್ತಿ ನೋಡೋಕೆ ಶುರು ಮಾಡಿದ್ದ. ಅವಳ ಬಲಗೈ ಪಕ್ಕಕ್ಕೆ ಮೆತ್ತಗೆ ಕೋಲು ತಾಗಿಸುತ್ತಿದ್ದ. ಅಲ್ಲಿಗೇ ನಿಲ್ಲಿಸಿಬಿಟ್ಟೆವಲ್ಲ ಅಂತ ಈಗಲೂ ಅನ್ನಿಸುತ್ತೆ.

ಅಣ್ಣಾ, ನೀನೇನು ಕಮ್ಮಿಯಾ? ಗಣೇಶ ಬಿಡುವಾಗ ತಮಟೆ ಏಟಿಗೆ ರಾತ್ರಿ ಎರಡು ಗಂಟೆವರೆಗೆ ಕುಣಿದು, ಒಂದು ಚಪ್ಪಲಿ ಕಳಕೊಂಡು ಬಂದೋನು ಯಾರು? ಅಪ್ಪ ಬಾಗಿಲು ತೆಗೆಯಲಿಲ್ಲ, ನಾನು ಹಿತ್ತಲಿನಿಂದ ಬಿಟ್ಟುಕೊಂಡೆ. ಆ ವರ್ಷವೇ ನಿನಗೆ ಎಸ್ಸೆಸ್ಸೆಲ್ಸಿ. ಎಷ್ಟು ಬಂತು ಅಂತ ಗ್ರೂಪಿನಲ್ಲಿ ಹೇಳಲ್ಲ, ಹೆದರಬೇಡ.

ಒಂದು ವಿಷಯದಲ್ಲಿ ಮಾತ್ರ ನಾನು ನಿನ್ನ ಕಡೆಗೇ. ಸ್ಕೂಲ್ ಡೇ ಅಂದರೆ ಈಗ ಹೊರಗಿನಿಂದ ಒಬ್ಬರನ್ನು ಕರೆಸಿ, ಒಂದು ವಾರದಲ್ಲಿ ಯಾವುದೋ ಐಟಂ ಹಾಡಿಗೆ ಸೊಂಟ ಕುಣಿಸೋದು ಹೇಳಿಕೊಟ್ಟು ಕಳಿಸುತ್ತಾರೆ. ಮಕ್ಕಳಿಗೆ ಆ ಹಾಡಿನ ಅರ್ಥವೂ ಗೊತ್ತಿರಲ್ಲ. ಅದು ನನಗೂ ಬೇಡ. ಅತ್ತಿಗೆ, ನೀವು ಪುಟ್ಟಿಯ ಹತ್ತಿರ ಯಾವ ಹಾಡು, ಯಾರು ಹೇಳಿಕೊಡ್ತಾರೆ, ಪ್ರಾಕ್ಟೀಸ್ ಎಷ್ಟು ದಿನ, ಅಲ್ಲಿ ಒಬ್ಬ ಟೀಚರ್ ನಿಂತಿರ್ತಾರಾ, ಇಷ್ಟು ಕೇಳಿ. ‘ಅವನ ಜೊತೆ ನಿನಗೆ ಇಷ್ಟ ಇಲ್ಲ ಅಂದರೆ ಜೋಡಿ ಬದಲಾಯಿಸ್ತಾರಾ’ ಅಂತಲೂ ಕೇಳಿ. ಅದಕ್ಕೆ ಸರಿಯಾದ ಉತ್ತರ ಬಂದರೆ ಕಳಿಸೋಣ.

ಸಂಜೆ ಲೇಟಾಗುತ್ತೆ ಅನ್ನೋದಾದರೆ ನಾನೇ ಅಶೋಕನಗರದಿಂದ ಸ್ಕೂಟರಿನಲ್ಲಿ ಹೋಗಿ ಕರ್ಕೊಂಡು ಬರ್ತೀನಿ. ರಿಟೈರ್ ಆದ ಮೇಲೆ ನನಗೇನು ಕೆಲಸ?

ಅಣ್ಣಾ, ಶನಿವಾರ ರಾತ್ರಿ ನಮ್ಮನೆಗೆ ಬಾ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತರಿಸ್ತೀನಿ, ಸಿನಿಮಾ ಹಾಕ್ತೀನಿ. ಇಂಗ್ಲಿಷ್ ಅರ್ಥ ಆಗಲ್ಲ ಅಂತ ತಪ್ಪಿಸ್ಕೋಬೇಡ, ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸ್ಕೋ, ಅವಳೇ ಹೇಳ್ತಾಳೆ. ಆ ಮೀಟಿಂಗ್ ಸೀನು ಬಂದಾಗ ಮಾತ್ರ ನೀರು ಕುಡಿಯೋಕೆ ಅಂತ ಎದ್ದು ಹೋಗಬಾರದು.