ನಡ್ಯಾಕ, ಕುರುಕಲು ಬಿಡಾಕ ಮನಸ್ಸು ಎಷ್ಟೈತಿ ಅಂತ ಅಳೆಯೋದು ಹೆಂಗ?

ಇಳಕಲ್ ಸಿಸ್ಟರ್:
ಎಲ್ಲಾರಿಗೂ ನಮಸ್ಕಾರ. ನಾ ಇಳಕಲ್ಲ ಹತ್ತಿರದ ಒಂದು ಆರೋಗ್ಯ ಕೇಂದ್ರದಾಗ ನರ್ಸ್ ಇದೀನಿ. ಗುರುವಾರಕ್ಕೊಮ್ಮೆ ನಮ್ಮಲ್ಲಿ ಶುಗರ್, ಬಿಪಿ ಇದ್ದವರು ಬರ್ತಾರ, ಬಾಳ ಮಂದಿ ಸೀರಿ ನೇಯವರು. 30 ದಾಟಿದವರಿಗೆ ಆಶಾದವರು ತುಂಬೋ ಸಿಬ್ಯಾಕ್ ಅನ್ನೋ ರೋಗದ ಅಪಾಯ ನೋಡೋ ಫಾರ್ಮಿನಾಗ ಸೊಂಟದ ಅಳತಿ ಐತಿ, ವಾರಕ್ಕ 150 ನಿಮಿಷ ಮೈದಂಡಿಸ್ತೀರೇನು ಅನ್ನೋದೂ ಐತಿ. ಮಾಡ್ತಾರೋ ಇಲ್ಲೋ ಅದರಾಗ ಬರ್ತೈತಿ. ಮಾಡೋ ಮನಸ್ಸು ಐತೋ ಇಲ್ಲೋ ಬರಂಗಿಲ್ಲ.

ಅದಕ್ಕ ನಾನೇ ಎರಡು ಪ್ರಶ್ನೆ ಬರ್ಕೊಂಡೆ. ದಿನಾ ನಡ್ಯಾಕ ಎಷ್ಟು ಮನಸ್ಸೈತಿ, ಸಂಜಿ ಮುಂದ ಚೂಡಾ, ಮಿರ್ಚಿ ಬಿಡಾಕ ಎಷ್ಟು ಮನಸ್ಸೈತಿ, 0 ಇಂದ 10 ರೊಳಗ ಹೇಳ್ರಿ ಅಂತ. ಹೆಚ್ಚುಕಮ್ಮಿ ಎಲ್ಲಾರೂ ಹತ್ತಕ್ಕ ಹತ್ತು ಅಂದ್ರು!

ಒಬ್ಬ ಅತ್ತಿ ಎರಡಕ್ಕೂ 10 ಅಂದು ಗುಳಿಗಿ ತಗೊಂಡ್ರು. ಚೀಟಿ ಇಡಾಕ ಕೈಚೀಲ ತಗದ್ರ ಒಳಗ ಚೂಡಾದ ಪೊಟ್ಟಣ, ಬಾಯಿಗೆ ದಾರ ಸುತ್ತಿದ್ದು. ನಾ ನೋಡಿದ್ದು ಅವರಿಗೆ ಗೊತ್ತಾತು. "ನೀ ಅಷ್ಟು ಅಕ್ಕರೆಯಿಂದ ಕೇಳಿದಿ, ಇಲ್ಲ ಅನ್ನಾಕ ಬಾಯಿ ಬರಲಿಲ್ಲವ್ವ" ಅಂದ್ರು. ಆಮ್ಯಾಲ ಇನ್ನೊಂದು ಮಾತು: "ದಿನಾ ಎಂಟು ತಾಸು ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು ತುಳೀತೀನಿ, ಮತ್ತ್ಯಾಕ ನಡೀಬೇಕು?" ಇದನ್ನ ನನ್ನ ಪ್ರಶ್ನೆ ಕೇಳಿರಲೇ ಇಲ್ಲ. ಈ ಮಂದಿ ಕಾಲಿಗೆ ಹುಣ್ಣು ಆಗೋಕಿಂತ ಮೊದಲ ನಾ ಏನರೆ ಮಾಡಬೇಕು. ತಿಳದವರು ಹೇಳ್ರಿ.

ಬೆಳಗಾವಿ ಸಮುದಾಯ ಆರೋಗ್ಯ:
ಸಿಸ್ಟರ್, ನಿಮ್ಮ ಒಂದ ಪ್ರಶ್ನೆಯೊಳಗ ಮೂರು ಪ್ರಶ್ನೆ ಸೇರ್ಯಾವ. ಇದು ನನಗ ಮುಖ್ಯ ಏನು? ನನ್ನ ಕೈಲೆ ಆಗ್ತದೇನು? ಯಾರ ಸಲುವಾಗಿ ಮಾಡ್ಲಿಕತ್ತೇನಿ?

ಮಿಲ್ಲರ್ ಮತ್ತು ರೋಲ್ನಿಕ್ ಅವರ ಆಪ್ತಸಮಾಲೋಚನೆ ಪದ್ಧತಿಯೊಳಗೂ 0–10 ರ ಪಟ್ಟಿ ಅದ. ಆದ್ರ ಮೊದಲಿನ ಎರಡನ್ನ ಅಲ್ಲಿ ಬ್ಯಾರೆ ಬ್ಯಾರೆ ಕೇಳ್ತಾರ. ಅಂಕಿ ಬಂದ ಮ್ಯಾಲಿನ ಮಾತೇ ದೊಡ್ಡದು. 6 ಅಂದ್ರ, "6 ಯಾಕ್ರೀ, 3 ಯಾಕಲ್ಲ?" ಅನ್ರಿ, ತಮ್ಮ ಕಾರಣ ತಾವೇ ಹೇಳ್ತಾರ. "9 ಯಾಕಲ್ಲ?" ಅಂದ್ರ ಬರೋದು ನೆಪ.

ಯಾರ ಸಲುವಾಗಿ ಅನ್ನೋದಕ್ಕ ಡೆಸಿ ಮತ್ತು ರಯಾನ್ ಅನ್ನೋ ಮನಶ್ಶಾಸ್ತ್ರಜ್ಞರ ಪ್ರೇರಣೆಯ ಸಿದ್ಧಾಂತದ ಮ್ಯಾಲ ಕಟ್ಟಿದ ಪ್ರಶ್ನಾವಳಿ ಅವ. ವ್ಯಾಯಾಮದ್ದು ಬ್ರೆಕ್-2, 2004 ರದು: 19 ವಾಕ್ಯ, ಒಂದೊಂದಕ್ಕ 0 ಇಂದ 4. ಮಂದಿ ಅಂತಾರಂತ ಮಾಡೋದು, ಮಾಡದಿದ್ರ ಮನಸ್ಸು ಚುಚ್ತದಂತ ಮಾಡೋದು, ಉಪಯೋಗ ಅದ ಅಂತ ಮಾಡೋದು, ಖುಷಿಗೆ ಮಾಡೋದು, ಇವಕ್ಕೆಲ್ಲ ಅಂಕ ಬ್ಯಾರೆ. ನಿಮಗ ಬಂದ ಹತ್ತುಗಳು ಮೊದಲನೇ ಜಾತಿಯವು ಇರಬೇಕು. ಮತ್ತ ನಡಿಗಿದು, ತಿನ್ನೋದರದು ಅಂಕಿ ಎಂದೂ ಕೂಡಿಸಬ್ಯಾಡ್ರಿ. ಒಂದು ಹೊಸದಾಗಿ ಹಿಡಿಯೋದು, ಇನ್ನೊಂದು ಕೈಗೆ ಹತ್ತಿದ್ದನ್ನ ಬಿಡೋದು.

ವಿಜಯಪುರ ನಿವೃತ್ತ ಕಂಡಕ್ಟರ್:
ತಂಗಿ, ನನಗ ಶುಗರ್ ಬಂದು ಒಂಬತ್ತು ವರ್ಷ. ದಿನಾ ಮುಂಜಾನೆ ಗೋಳಗುಮ್ಮಟದ ಕಡೆ ನಡೀತೀನಿ. ಆಗ ಕೇಳಿದ್ರ, ಬಜಿ ಬಿಡಾಕ ನನ್ನದೂ ಹತ್ತಕ್ಕ ಹತ್ತು. ಅದು ಸುಳ್ಳಲ್ಲವ್ವ. ಸಂಜಿ ಐದಕ್ಕ ಗಿರ್ಮಿಟ್ ಗಾಡಿ ಮುಂದ ಈರುಳ್ಳಿ ಹೆಚ್ಚೋ ಸಪ್ಪಳ ಕೇಳಿದ್ರ ಎರಡಕ್ಕ ಇಳೀತದ. ನೀನು ಕೇಳೋದು ಮುಂಜಾನೆ ಹತ್ತಕ್ಕ, ದವಾಖಾನಿಯೊಳಗ, ಬಿಳಿ ಕೋಟಿನ ಮುಂದ. ಹಸಿವು ಆಗೋ ಹೊತ್ತಿಗೆ, ತಿನ್ನೋ ಜಾಗಾದಾಗ ಕೇಳು.

ಗುಳೇದಗುಡ್ಡ ಮಾಸ್ತರ:
ನಮ್ಮ ಹಿರಿಯರಿಗೆ 0–10 ಅಂದ್ರ ಪರೀಕ್ಷಾದ ಮಾರ್ಕ್ಸ್. ಕಡಿಮಿ ಹೇಳಿದ್ರ ನಾಪಾಸ್ ಆದಂಗ. ಆಣೆ ಲೆಕ್ಕದಾಗ ಕೇಳ್ರಿ: ರೂಪಾಯಿಗೆ, ಅಂದ್ರ ಹದಿನಾರಾಣೆಗೆ, ಎಷ್ಟಾಣೆ ಮನಸ್ಸೈತಿ? "ಎಂಟಾಣೆ ಐತ್ರಿ" ಅನ್ನಾಕ ಯಾರಿಗೂ ನಾಚಿಕಿ ಇಲ್ಲ. ಪ್ರೇರಣೆ ಅನ್ನೋ ಶಬ್ದ ಮಾತ್ರ ಬ್ಯಾಡ.

ಬೆಳಗಾವಿ ಸಮುದಾಯ ಆರೋಗ್ಯ:
ಮಾಸ್ತರ್, ಇದು ನನಗ ಹೊಳೆದಿರಲಿಲ್ಲ. ಒಂದ ಎಚ್ಚರ: ಆಣೆ ಲೆಕ್ಕದ ಅಂಕಿಯನ್ನ ಬ್ಯಾರೆ ಕಡೆ 0–10 ರೊಳಗ ಬಂದದ್ದಕ್ಕ ಹೋಲಿಸಬ್ಯಾಡ್ರಿ. ಅದೇ ಮನುಷ್ಯಾನ ಹಿಂದಿನ ತಿಂಗಳ ಆಣೆಗೆ ಹೋಲಿಸ್ರಿ.

ಇಳಕಲ್ ಸಿಸ್ಟರ್:
ಎಲ್ಲಾರಿಗೂ ಉಪಕಾರ ಆತು. ನಿನ್ನೆ ಸಂಜಿ ನಾಲ್ಕೂವರಿಗೆ ಆ ಅತ್ತಿ ಮನಿಗೇ ಹೋಗಿದ್ದೆ. ಲಾಳಿ ಬದಿಗಿಟ್ಟು, ಹಾಳಿ ಮ್ಯಾಲ ಚೂಡಾ ಸುರಕೊಂಡು ಕುಂತಿದ್ರು, ಬಾಜೂಕ ಓಣಿಯವರು ಇಬ್ರು. ನಡ್ಯಾಕ ಹನ್ನೆರಡಾಣೆ ಅಂದ್ರು, ಚೂಡಾ ಬಿಡಾಕ ನಾಲ್ಕಾಣೆ. "ನಾಲ್ಕ್ಯಾಕ್ರೀ, ಒಂದಾಣೆ ಯಾಕಲ್ಲ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವ್ವನ ಕಾಲು ತಗದದ್ದು ನೋಡೀನಲ್ಲ" ಅಂದ್ರು. ನನಗ ಗಂಟಲು ಕಟ್ಟಿತು. ಚೂಡಾ ಬಿಡೋದರಾಗ ಉಳಿದ ಹನ್ನೆರಡಾಣೆ ಎಲ್ಲಿ ಹೋತು ಅಂತ ಅವರೇ ಹೇಳಿದ್ರು: ಕುಣಿಯಿಂದ ಎದ್ದು ನಾಲ್ಕು ಮಂದಿ ಕೂಡ ಮಾತಾಡಾಕ ದಿನಕ್ಕ ಸಿಗೋದು ಅದೊಂದ ಹೊತ್ತಂತ.

ಅದ ಹೊತ್ತಿನಾಗ ಮೂವರೂ ಕೂಡಿ ಗುಡಿ ತನಕ ಹೋಗಿಬರೋಣೇನು ಅಂದೆ. ಓಣಿಯವರು ಇಬ್ಬರೂ ಹೂಂ ಅಂದ್ರು. ಅತ್ತಿ ಚೂಡಾ ಕಟ್ಟಿ ಮಾಡಿನಾಗ ಇಟ್ಟು ಚಪ್ಪಲಿ ಹುಡುಕಾಕ ಎದ್ರು. ಗುರುವಾರದ ನೋಟಬುಕ್ಕಿನಾಗ ಈಗ ಎರಡು ಕಲಂ ಹಾಕೀನಿ, ಒಂದು ಆಣೆಗೆ, ಇನ್ನೊಂದು ಅವರು ಹೇಳಿದ ಮಾತಿಗೆ. ಮಾತಿನ ಕಲಂ ಅಗಲ ಇಟ್ಟೀನಿ.