ಪಿಯು ಮಕ್ಕಳ ಇಂಗ್ಲಿಷ್ ಲಿಸನಿಂಗ್, ರೀಡಿಂಗ್ ನಿಜವಾಗ್ಲೂ ಅಳೆಯೋದು ಹೇಗೆ?

ಚಾಕ್‌ಪೀಸ್ ಮೇಡಂ:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಪಿಯು ಕಾಲೇಜಲ್ಲಿ ಇಂಗ್ಲಿಷ್ ಹೇಳ್ಕೊಡ್ತೀನಿ, ಊರು ಮೈಸೂರು ಕಡೆ, ಇಲ್ಲಿಗೆ ಬಂದು ಮೂರು ವರ್ಷ ಆಯ್ತು. ಫಸ್ಟ್ ಪಿಯು ಆರ್ಟ್ಸು ಕಾಮರ್ಸು ಸೇರ್ಸಿ 74 ಮಕ್ಕಳು ಒಂದೇ ರೂಮಲ್ಲಿ, ಮುಕ್ಕಾಲು ಪಾಲು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ.

ಹೋದ ವಾರ ಸುಮ್ನೆ ನೋಡೋಣ ಅಂತ ಬುಕ್ಕಲ್ಲಿ ಇಲ್ದೇ ಇರೋ ಒಂದು ಎಂಟು ಸಾಲು ನಾನೇ ಬರ್ಕೊಂಡು ಹೋಗಿ ಓದ್ದೆ. ಬಸ್‌ಸ್ಟ್ಯಾಂಡಲ್ಲಿ ಅನೌನ್ಸ್‌ಮೆಂಟ್ ಥರ, ಹುಬ್ಬಳ್ಳಿ ಬಸ್ಸು ಎಷ್ಟ್ ಹೊತ್ತಿಗೆ ಬಿಡುತ್ತೆ, ಯಾವ ಪ್ಲಾಟ್‌ಫಾರ್ಮು, 'ಇಟ್ ವಿಲ್ ನಾಟ್ ಸ್ಟಾಪ್ ಅಟ್ ಬಂಕಾಪುರ' ಅಂತ ಒಂದು ಸಾಲು. ಆಮೇಲೆ ಐದು ಪ್ರಶ್ನೆ ಕೇಳ್ದೆ. ಎಸ್ಸೆಸ್ಸೆಲ್ಸಿ ಇಂಗ್ಲಿಷಲ್ಲಿ ತೊಂಬತ್ತರ ಹತ್ರ ತಗೊಂಡಿರೋ ಹುಡುಗ ಒಂದಕ್ಕೂ ಬರೀಲಿಲ್ಲ. ಕೇಳಿದ್ರೆ 'ಮೇಡಂ ಇದು ಯಾವ ಲೆಸನ್ದು' ಅಂತಾನೆ!

ರೀಡಿಂಗ್ ಕಥೆ ಇನ್ನೊಂದು ಥರ. ಒಬ್ಬ ಹುಡುಗಿ ಎದ್ದು ನಿಂತು ಓದಿದ್ರೆ ನ್ಯೂಸ್ ಓದಿದ ಹಾಗಿರುತ್ತೆ, ಒಂದು ಕಡೆ ತಡವರಿಸಲ್ಲ. ಏನಮ್ಮಾ ಓದಿದ್ದು, ಕನ್ನಡದಲ್ಲೇ ಹೇಳು ಅಂದ್ರೆ ನಗ್ತಾಳೆ ಅಷ್ಟೇ.

2023-24ರಿಂದ ಭಾಷೆಗೂ 80 ಬರವಣಿಗೆ, 20 ಇಂಟರ್ನಲ್ ಆಗಿದೆಯಲ್ಲ, ಆ 20 ಟೆಸ್ಟು ಪ್ರಾಜೆಕ್ಟು ಅಂತ ಹೋಗ್ಬಿಡುತ್ತೆ. ಕೇಳಿ ಅರ್ಥ ಮಾಡ್ಕೊಳ್ಳೋದಕ್ಕೆ ಅಂತ ಪಬ್ಲಿಕ್ ಎಕ್ಸಾಮಲ್ಲಿ ಒಂದು ಮಾರ್ಕೂ ಇಲ್ಲ. ಮಾರ್ಕ್ಸ್ ಬೇಡ ಬಿಡಿ, ನನಗೆ ಗೊತ್ತಾಗಬೇಕು ಅಷ್ಟೇ, ಯಾರಿಗೆ ಎಷ್ಟು ಬರುತ್ತೆ ಅಂತ. ಲ್ಯಾಬ್ ಇಲ್ಲ, ನನ್ನದೇ ಒಂದು ಬ್ಲೂಟೂತ್ ಸ್ಪೀಕರ್ ಇದೆ. ಮಾಡಿರೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ಬೆಂಚ್ ನಂಬರ್ 9:

ಮೇಡಂ ಬೇಜಾರ್ ಮಾಡ್ಕೋಬೇಡಿ, ಇಂಟರ್ನಲ್ ಅನ್ನೋದು ಏನು ಅಂತ ನಮ್ಗೂ ಗೊತ್ತು ನಿಮ್ಗೂ ಗೊತ್ತು. ನಾನು ಹಿಂದೆ ಇದ್ದ ಕಡೆ ಪ್ರಿನ್ಸಿಪಾಲ್ರು 18ಕ್ಕಿಂತ ಕೆಳಗೆ ಯಾರಿಗೂ ಹಾಕ್ಬೇಡಿ ಅಂತ ಮೊದಲೇ ಹೇಳಿಬಿಡ್ತಿದ್ರು. ಲಿಸನಿಂಗ್ ಟೆಸ್ಟ್ ಶುರು ಮಾಡಿದ್ರೂ ಎಲ್ರಿಗೂ ಐದಕ್ಕೆ ಐದು ಬೀಳುತ್ತೆ, ಒಂದು ರಿಜಿಸ್ಟರ್ ಜಾಸ್ತಿ ಆಗುತ್ತೆ, ಅಷ್ಟೇ.

ನಿವೃತ್ತ ಮೇಷ್ಟ್ರು:

ಒಂಬತ್ತನೇ ಬೆಂಚಿನವರು ಹೇಳಿದ್ದು ಸುಳ್ಳಲ್ಲ, ಆದ್ರೆ ಮೇಡಂ ಕೇಳಿದ್ದು ಮಾರ್ಕ್ಸ್ ಬಗ್ಗೆ ಅಲ್ವಲ್ಲ. ನಾನು 31 ವರ್ಷ ಇದೇ ಕೆಲಸ ಮಾಡಿದವನು, ಅದ್ರಲ್ಲಿ ಮೊದಲ 15 ವರ್ಷ ತಪ್ಪಾಗೇ ಟೆಸ್ಟ್ ಮಾಡಿದ್ದೀನಿ ಅಂತ ಈಗ ಅನ್ಸುತ್ತೆ. ಬೆಂಗಳೂರು ಜ್ಞಾನಭಾರತಿಯಲ್ಲಿರೋ ರೀಜನಲ್ ಇನ್ಸ್ಟಿಟ್ಯೂಟ್ ಆಫ್ ಇಂಗ್ಲಿಷಿಗೆ ಟ್ರೈನಿಂಗಿಗೆ ಕಳಿಸಿದ್ರು, ಅಲ್ಲಿಂದ ಬಂದ್ಮೇಲೆ ಸ್ವಲ್ಪ ಕಣ್ಣು ಬಿಟ್ಟೆ.

ರೀಡಿಂಗ್ ಬಗ್ಗೆ ಮಾತ್ರ ಹೇಳ್ತೀನಿ, ಲಿಸನಿಂಗ್ ಬೇರೆಯವರು ಹೇಳ್ಲಿ.

ಜೋರಾಗಿ ಓದ್ಸೋದು ರೀಡಿಂಗ್ ಟೆಸ್ಟ್ ಅಲ್ಲವೇ ಅಲ್ಲ, ಅದು ಉಚ್ಚಾರಣೆ ಟೆಸ್ಟು. ನಿಮ್ಮ ಹುಡುಗಿ ವಿಷಯದಲ್ಲಿ ಆಗಿರೋದು ಅದೇ, ಅಕ್ಷರ ನೋಡಿ ಶಬ್ದ ಹೊರಡಿಸೋದು ಚೆನ್ನಾಗಿ ಬಂದಿದೆ, ಗಮನ ಎಲ್ಲಾ ಅದಕ್ಕೇ ಹೋಗಿ ಅರ್ಥಕ್ಕೆ ಏನೂ ಉಳಿದಿಲ್ಲ. ಅವಳಿಗೆ ಅದೇ ಪ್ಯಾಸೇಜ್ ಕೊಟ್ಟು ಮನಸ್ಸಲ್ಲೇ ಎರಡು ಸಲ ಓದ್ಕೋ ಅಂತ ಬಿಟ್ಟು ಆಮೇಲೆ ಕೇಳಿ ನೋಡಿ, ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹೇಳಬಹುದು.

ಪಾಠದ ಪ್ಯಾಸೇಜ್ ಇಟ್ಟು ಕಾಂಪ್ರಹೆನ್ಷನ್ ಅನ್ನೋದೂ ಅಷ್ಟೇ. ಗೈಡು, ನೋಟ್ಸು, ನಾವೇ ಕ್ಲಾಸಲ್ಲಿ ಕನ್ನಡದಲ್ಲಿ ಹೇಳಿದ ಕಥೆ, ಎಲ್ಲಾ ಸೇರಿ ಅಲ್ಲಿ ಅಳೆಯೋದು ಜ್ಞಾಪಕಶಕ್ತಿ. ಹೊಸದೇ ಬೇಕು. ಹೊಸದು ಅಂದ್ರೆ ಕಷ್ಟದ್ದು ಅಂತ ಅಲ್ಲ ಮತ್ತೆ, ಮಾತ್ರೆ ಡಬ್ಬಿ ಒಳಗಿನ ಚೀಟಿ, ಟ್ರೈನ್ ಟೈಮ್‌ಟೇಬಲ್, ಹಾಸ್ಟೆಲ್ ನೋಟಿಸು, ಹಳೇ ಪೇಪರಿನ ಒಂದು ಸಣ್ಣ ಸುದ್ದಿ, ಇವೇ ಸಾಕು. ಟೈಮ್‌ಟೇಬಲ್ ಕೊಟ್ಟು 'ಮಧ್ಯಾಹ್ನ ಆದ್ಮೇಲೆ ಹೊರಡೋ ಮೊದಲ ಗಾಡಿ ಯಾವುದು' ಅಂತ ಎರಡು ನಿಮಿಷದಲ್ಲಿ ಹುಡುಕಿಸೋದೂ ರೀಡಿಂಗೇ. ಪೂರ್ತಿ ಓದ್ದೆ ಬೇಕಾದ್ದನ್ನ ಮಾತ್ರ ಹೆಕ್ಕೋದು ನಮ್ಮ ಮಕ್ಕಳಿಗೆ ಯಾರೂ ಹೇಳ್ಕೊಟ್ಟಿರಲ್ಲ, ಮೊದಲ ಸಾಲಿಂದ ಶುರು ಮಾಡಿ ಬೆರಳಿಟ್ಟು ಓದ್ಕೊಂಡು ಕೂರ್ತಾರೆ.

ಈಗ ಒಂದು ಗುಟ್ಟು. ಪ್ರಶ್ನೆ ಮಾಡಿದ್ಮೇಲೆ ಪ್ಯಾಸೇಜ್ ಕೊಡ್ದೇ ಬರೀ ಪ್ರಶ್ನೆ ಮಾತ್ರ ನಿಮ್ಮ ಮನೇಲೋ ಸ್ಟಾಫ್ ರೂಮಲ್ಲೋ ಯಾರಿಗಾದ್ರೂ ಕೊಟ್ಟು ನೋಡಿ. ನಾನು ಒಂದ್ಸಲ ಜೇನುಹುಳದ ಬಗ್ಗೆ ಹತ್ತು ಪ್ರಶ್ನೆ ಮಾಡಿದ್ದೆ, ನಮ್ಮ ಹಿಸ್ಟರಿ ಲೆಕ್ಚರರ್ರು ಪ್ಯಾಸೇಜ್ ನೋಡ್ದೇನೇ ಏಳು ಸರಿ ಮಾಡಿದ್ರು! ಅಂದ್ರೆ ನನ್ನ ಟೆಸ್ಟು ಅಳೀತಿದ್ದಿದ್ದು ಜೇನುಹುಳದ ಜ್ಞಾನ. ಇನ್ನೊಂದು ಕಡೆ ಉಲ್ಟಾ, ಪ್ರಶ್ನೆಯಲ್ಲಿರೋ ಪದಾನ ಪ್ಯಾಸೇಜಲ್ಲಿ ಹುಡುಕಿ ಆ ಸಾಲನ್ನೇ ಎತ್ತಿ ಬರೆದ್ರೆ ಉತ್ತರ ಆಗೋ ಹಾಗಿದ್ರೆ ಅರ್ಥ ಆಗದೇ ಇದ್ರೂ ಫುಲ್ ಮಾರ್ಕ್ಸು. ಪ್ರಶ್ನೆಯ ಪದಗಳನ್ನ ಬದಲಾಯಿಸಿ, ಎರಡು ಸಾಲು ಸೇರಿಸಿದ್ರೆ ಮಾತ್ರ ಉತ್ತರ ಸಿಗೋ ಹಾಗೆ ಒಂದೆರಡು ಇಡಿ.

ಪ್ರಶ್ನೆ ಮಾಡೋಕೆ ಪುರುಸೊತ್ತಿಲ್ಲ ಅಂದ್ರೆ ಕ್ಲೋಜ್ ಟೆಸ್ಟ್ ಮಾಡಿ. ಮೊದಲ ಸಾಲು ಹಾಗೇ ಬಿಟ್ಟು ಅಲ್ಲಿಂದ ಪ್ರತಿ ಏಳನೇ ಪದ ತೆಗೆದು ಖಾಲಿ ಬಿಡೋದು. 1953ರಲ್ಲಿ ವಿಲ್ಸನ್ ಟೇಲರ್ ಅನ್ನೋರು ಒಂದು ಬರಹ ಓದೋರಿಗೆ ಎಷ್ಟು ಸುಲಭ ಅಂತ ನೋಡೋಕೆ ಮಾಡಿದ್ದು ಅದು, ಆಮೇಲೆ ಓದೋರನ್ನೇ ಅಳೆಯೋಕೆ ಬಳಸೋಕೆ ಶುರು ಮಾಡಿದ್ರು. ನಮ್ಮ ಗ್ರಾಮರ್ ಫಿಲ್ ಇನ್ ದ ಬ್ಲ್ಯಾಂಕ್ಸ್ ಥರ ಅಲ್ಲ ಇದು, ಹಿಂದೆ ಮುಂದೆ ನೋಡ್ದೆ ತುಂಬೋಕಾಗಲ್ಲ. ಅರ್ಥಕ್ಕೆ ಕೂಡೋ ಯಾವ ಪದ ಬರೆದ್ರೂ ಒಪ್ಕೊಳ್ಳಿ, ಸ್ಪೆಲ್ಲಿಂಗಿಗೆ ಕತ್ತರಿ ಹಾಕ್ಬೇಡಿ.

ರಾಜಾಜಿನಗರದ ಟೀಚರ್:

ನಾನು ಸಿಬಿಎಸ್ಇ, 11-12ಕ್ಕೆ. ನಮ್ಮಲ್ಲಿ ಇಂಗ್ಲಿಷ್ ಕೋರ್‌ನಲ್ಲಿ ಇಂಟರ್ನಲ್ 20ರಲ್ಲಿ 10 ಎಎಸ್ಎಲ್ ಅಂತ ಇದೆ, ಲಿಸನಿಂಗ್ 5, ಸ್ಪೀಕಿಂಗ್ 5, ಉಳಿದ 10 ಪ್ರಾಜೆಕ್ಟ್. ಆಡಿಯೋ ಹಾಕ್ತೀವಿ, ವರ್ಕ್‌ಶೀಟ್ ತುಂಬಿಸ್ತೀವಿ. ಚೆನ್ನಾಗೇ ಇದೆ, ಆದ್ರೆ ಐದೇ ಮಾರ್ಕ್ಸ್ ಆದ್ದರಿಂದ ಪೇರೆಂಟ್ಸ್ ತಲೆಕೆಡಿಸ್ಕೊಳ್ಳಲ್ಲ, ಮಕ್ಕಳೂ ಇಲ್ಲ.

ಒಂದು ವಿಷಯ ಕಲ್ತಿದ್ದು ಅಂದ್ರೆ ವರ್ಕ್‌ಶೀಟನ್ನ ಆಡಿಯೋಕ್ಕಿಂತ ಮೊದ್ಲೇ ಕೊಟ್ಟು ಒಂದು ನಿಮಿಷ ಓದೋಕೆ ಬಿಡ್ಬೇಕು. ಬಸ್ಸೋ ಟ್ರೈನೋ ಅನೌನ್ಸ್‌ಮೆಂಟ್ ಕೇಳೋವಾಗ ನಮ್ಗೆ ಏನು ಬೇಕು ಅಂತ ಮೊದ್ಲೇ ಗೊತ್ತಿರುತ್ತಲ್ವಾ, ಹಾಗೇ. ಎಲ್ಲಾ ಕೇಳಿಸಿ ಆಮೇಲೆ ಪ್ರಶ್ನೆ ಕೊಟ್ರೆ ಅದು ನೆನಪಿನ ಪರೀಕ್ಷೆ ಆಗ್ಬಿಡುತ್ತೆ, ಮೇಡಂ ಮಾಡಿದ ಟೆಸ್ಟಲ್ಲಿ ಆ ಹುಡುಗನಿಗೆ ಅರ್ಧ ಪ್ರಾಬ್ಲಂ ಇದೇ ಇರ್ಬೋದು.

ಉಣಕಲ್ ಕೆರಿ ದಂಡಿ:

ಮೇಡಂ ರೀ, ಸ್ಪೀಕರ್ ವಿಷಯ ನಾ ಹೇಳ್ತೀನ್ರಿ. ನಮ್ಮ ಕಾಲೇಜಿನ್ಯಾಗ ಹೋದ ವರ್ಷ ಇದನ್ನ ಮಾಡಿ ನಗೆಪಾಟಲಾಗೇವಿ. ಹಾಲ್ ತಗಡಿಂದು, ಮುಂದಿನ ಎರಡು ಸಾಲಿಗೆ ಕೇಳ್ತದ, ಹಿಂದಿನವ್ರಿಗೆ ಬರೇ ಗುಂಯ್ ಅಂತದ. ಅದರಾಗ ಹೊರಗ ಕಬ್ಬಿನ ಟ್ರ್ಯಾಕ್ಟರ್ ಹಾಡ್ ಹಚ್ಚಿಕೊಂಡ್ ಹೊಂಟ್ವು. ಹಿಂದ ಕುಂತವ್ರೆಲ್ಲಾ ಫೇಲ್! ಹಂಗಂದ್ರ ಅವ್ರಿಗೆ ಇಂಗ್ಲಿಷ್ ಬರೂದಿಲ್ಲಂತ ಅರ್ಥ ಏನ್ರಿ, ಸ್ಪೀಕರ್ ಬರೂದಿಲ್ಲಂತ.

ಅದಕ್ಕ 74 ಮಂದೀನ ಒಮ್ಮೆಲೇ ಕುಂಡ್ರಿಸಬ್ಯಾಡ್ರಿ. 20-25 ಮಂದಿ ಸಣ್ಣ ರೂಮಿನ್ಯಾಗ, ಸ್ಪೀಕರ್ ನಡುವ ಇಡ್ರಿ, ಫ್ಯಾನ್ ಬಂದ್ ಮಾಡ್ರಿ. ಮೊದಲ ಒಂದು ಸಾಲು ಸುಮ್ನ ಹಚ್ಚಿ 'ಕೇಳ್ತದೇನ್ರೋ' ಅಂತ ಹಿಂದಿನವ್ರನ್ನ ಕೇಳ್ರಿ. ಮೊದಲನೇ ಬ್ಯಾಚ್ ಹೊರಗ ಬಂದು ಎರಡನೇದಕ್ಕ ಉತ್ತರ ಹೇಳ್ತಾವು, ಅದು ಖರೇನ. ಅದಕ್ಕ ಬಸ್ಸಿನ ವೇಳೆ, ಪ್ಲಾಟ್‌ಫಾರ್ಮ್ ನಂಬರ್ ಅಷ್ಟ ಬದಲ ಮಾಡಿ ಮೂರು ರೆಕಾರ್ಡಿಂಗ್ ಮಾಡ್ರಿ. ಮೊಬೈಲ್‌ನ್ಯಾಗ ನಿಮ್ಮ ದನೀನ ರೆಕಾರ್ಡ್ ಮಾಡಿದ್ರ ಸಾಕು, ಅಮೆರಿಕಾದವ್ರ ದನಿ ಯಾಕ ಬೇಕ್ರಿ ಮೊದಲನೇ ಸಲಕ್ಕ. ಆದ್ರ ಕ್ಲಾಸಿನ್ಯಾಗ ಬಿಡಿಸಿ ಬಿಡಿಸಿ ಹೇಳ್ತೀವಲ್ರಿ, ಹಂಗ ಓದಬ್ಯಾಡ್ರಿ, ಮಾತಾಡಿದಂಗ ಓದ್ರಿ.

ಸೈತಾಮಾದಿಂದ ಕನ್ನಡಿಗ:

ನಾನು ಟೀಚರ್ ಅಲ್ಲ, ಜಪಾನಲ್ಲಿ ಐಟಿ ಕೆಲ್ಸ. ಈ ಮೇಲಿನದು ಓದಿ ನಗು ಬಂತು, ಯಾಕಂದ್ರೆ ಹಿಂದಿನ ಬೆಂಚಿಗೆ ಕೇಳಲ್ಲ ಅನ್ನೋದಕ್ಕೆ ಇವರು ಎಷ್ಟು ದುಡ್ಡು ಸುರಿದಿದ್ದಾರೆ ಗೊತ್ತಾ. ಇಲ್ಲಿ ಯೂನಿವರ್ಸಿಟಿ ಎಂಟ್ರೆನ್ಸಿಗೆ ಜನವರಿಯಲ್ಲಿ ದೇಶಕ್ಕೆಲ್ಲಾ ಒಂದೇ ಪರೀಕ್ಷೆ. 2006ರಿಂದ ಅದ್ರಲ್ಲಿ ಇಂಗ್ಲಿಷ್ ಲಿಸನಿಂಗ್ ಇದೆ, ಸ್ಪೀಕರ್ ಅಲ್ಲ, ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಸಣ್ಣ ಪ್ಲೇಯರ್, ಇಯರ್‌ಫೋನ್ ಕೊಡ್ತಾರೆ. ಪ್ರತಿ ವರ್ಷ ಲಕ್ಷಗಟ್ಟಲೆ. ಲಿಸನಿಂಗಿಗೆ ಒಂದು ಗಂಟೆ ಟೈಮ್ ಇದ್ರೆ ಅದ್ರಲ್ಲಿ ನಿಜವಾದ ಪರೀಕ್ಷೆ 30 ನಿಮಿಷ, ಉಳಿದಿದ್ದೆಲ್ಲ ಪ್ಲೇಯರ್ ಹಂಚೋದು, ಸೌಂಡ್ ಬರುತ್ತಾ ಅಂತ ನೋಡೋದು!

ಮೊದ್ಲು ಬರವಣಿಗೆ ಪೇಪರ್ 200, ಲಿಸನಿಂಗ್ 50 ಇತ್ತು. 2021ರಲ್ಲಿ ಪರೀಕ್ಷೆ ಬದಲಾದ್ಮೇಲೆ ರೀಡಿಂಗ್ 100, ಲಿಸನಿಂಗ್ 100, ಸಮ ಸಮ. ಕೆಲವು ಪ್ರಶ್ನೆಗೆ ಆಡಿಯೋ ಎರಡು ಸಲ, ಕೆಲವಕ್ಕೆ ಒಂದೇ ಸಲ. ನಮ್ಮ ಪಕ್ಕದ ಮನೆ ಹುಡುಗಿ ಹೈಸ್ಕೂಲ್ ಮೂರನೇ ವರ್ಷ, ಟ್ರೈನಲ್ಲಿ ಹೋಗ್ತಾ ಬರ್ತಾ ಇಯರ್‌ಫೋನ್ ಹಾಕ್ಕೊಂಡು ಇದನ್ನೇ ಕೇಳ್ತಾಳೆ. ಮಾರ್ಕ್ಸ್ ಇಟ್ರೆ ಕೇಳ್ತಾರೆ ಅನ್ನೋದಂತೂ ನಿಜ, ಆದ್ರೆ ನನ್ನ ಹತ್ರ ಒಂದು ವಾಕ್ಯ ಇಂಗ್ಲಿಷ್ ಮಾತಾಡು ಅಂದ್ರೆ ಓಡ್ತಾಳೆ, ಅದು ಬೇರೆ ಮಾತು ಬಿಡಿ.

ಫಸ್ಟ್ ಸೆಮ್ ಬಡಪಾಯಿ:

ನಾನು ಸ್ಟೂಡೆಂಟ್, ಮಧ್ಯೆ ಬಂದಿದ್ದಕ್ಕೆ ಸಾರಿ. ಕನ್ನಡ ಮೀಡಿಯಂನಿಂದ ಬಂದು ಈಗ ಇಂಜಿನಿಯರಿಂಗ್ ಮೊದಲ ವರ್ಷ. ಪಿಯುನಲ್ಲಿ ಇಂಗ್ಲಿಷಲ್ಲಿ ಒಳ್ಳೇ ಮಾರ್ಕ್ಸ್ ಬಂದಿತ್ತು, ಎಸ್ಸೇ ಲೆಟರ್ ಎಲ್ಲಾ ಬಾಯಿಪಾಠ. ಇಲ್ಲಿ ಬಂದು ಮೊದಲ ತಿಂಗಳು ಲೆಕ್ಚರ್ ಒಂದೂ ತಲೆಗೆ ಹೋಗ್ಲಿಲ್ಲ, ಆದ್ರೆ ಅದೇ ಪಿಪಿಟಿ ರೂಮಿಗೆ ಬಂದು ಓದಿದ್ರೆ ಅರ್ಥ ಆಗ್ತಿತ್ತು. ಯಾಕೆ ಅಂತ ಆಮೇಲೆ ಗೊತ್ತಾಯ್ತು, ಪದ ನನಗೆ ಕಣ್ಣಿಗೆ ಗೊತ್ತು ಕಿವಿಗೆ ಗೊತ್ತಿಲ್ಲ. ನಾನು 'ಡಿಟರ್‌ಮೈನ್' ಅಂತ ಓದ್ಕೊಂಡಿದ್ದೆ, ಸರ್ 'ಡಿಟರ್ಮಿನ್' ಅಂದ್ರೆ ಅದು ಬೇರೆ ಯಾವುದೋ ಪದ ಅಂದ್ಕೊಂಡು ಕೂತಿರ್ತಿದ್ದೆ. 'ಕಾಲಂ' ಕೂಡ ಹಂಗೇ, ಕೊನೇಲಿ ಎನ್ ಇದೆಯಲ್ಲ ಅದನ್ನೂ ಸೇರಿಸಿ ಓದ್ತಿದ್ದೆ.

ಮೇಡಂ ಒಂದೇ ಪ್ಯಾಸೇಜನ್ನ ಅರ್ಧ ಕ್ಲಾಸಿಗೆ ಕೇಳ್ಸಿ ಅರ್ಧ ಕ್ಲಾಸಿಗೆ ಓದ್ಸಿ ನೋಡಿ. ಇನ್ನೊಂದು ಪ್ಯಾಸೇಜಿಗೆ ಗುಂಪು ಅದಲು ಬದಲು ಮಾಡಿ. ಓದಿದ್ರೆ ಬರುತ್ತೆ ಕೇಳಿದ್ರೆ ಬರಲ್ಲ ಅನ್ನೋ ನನ್ನಂಥೋರು ಯಾರು ಅಂತ ಗೊತ್ತಾಗ್ಬಿಡುತ್ತೆ. ಆಮೇಲೆ ಉತ್ತರ ಇಂಗ್ಲಿಷಲ್ಲೇ ಬರೀಬೇಕು ಅಂತ ಹೇಳ್ಬೇಡಿ, ಅರ್ಥ ಆಗಿದ್ರೂ ಬರೆಯೋಕೆ ಹೆದರಿ ಬಿಟ್ಬಿಡ್ತೀವಿ.

ನಿವೃತ್ತ ಮೇಷ್ಟ್ರು:

ಈ ಹುಡುಗ ಹೇಳಿದ್ದು ನಾವು ಹೇಳಿದ್ದಕ್ಕಿಂತ ಚೆನ್ನಾಗಿದೆ. ಕನ್ನಡದಲ್ಲಿ ಉತ್ತರ ಬರೆಯೋದಕ್ಕೆ ನನ್ನದೂ ಓಟು. ಬೇಡ ಅಂದ್ರೆ ಟಿಕ್ ಮಾಡೋದು, ಮ್ಯಾಪಲ್ಲಿ ಗೆರೆ ಎಳೆಯೋದು ಇಡಿ. ಆದ್ರೆ ನಾಲ್ಕು ಆಪ್ಷನ್ ಇಟ್ಟು 20 ಪ್ರಶ್ನೆ ಕೊಟ್ರೆ ಕಣ್ಣು ಮುಚ್ಚಿ ಟಿಕ್ ಮಾಡಿದವನಿಗೂ ಸರಾಸರಿ ಐದು ಬರುತ್ತೆ ಅನ್ನೋದು ನೆನಪಿರಲಿ, ಐದು ತಗೊಂಡವನಿಗೆ ಕಾಲುಭಾಗ ಬರುತ್ತೆ ಅಂತ ಲೆಕ್ಕ ಹಾಕ್ಬೇಡಿ.

ಚಾಕ್‌ಪೀಸ್ ಮೇಡಂ:

ತಡವಾಗಿ ಬರೀತಿದ್ದೀನಿ, ಟೆಸ್ಟ್ ಮುಗಿಸಿ ಬಂದೆ. ಮೂರು ಬ್ಯಾಚ್ ಮಾಡಿದೆ, ಶೀಟ್ ಮೊದ್ಲೇ ಕೊಟ್ಟೆ, ಎರಡು ಸಲ ಕೇಳಿಸಿದೆ, ಉತ್ತರ ಯಾವ ಭಾಷೆಯಲ್ಲಾದ್ರೂ ಬರೀರಿ ಅಂದೆ.

ಆ ತೊಂಬತ್ತರ ಹುಡುಗ ಓದೋದ್ರಲ್ಲಿ 10ಕ್ಕೆ 8, ಕೇಳೋದ್ರಲ್ಲಿ 3. ಅಂದ್ರೆ ಕಿವಿ ಪ್ರಾಬ್ಲಮ್ಮೇ, ಬಡಪಾಯಿ ಅವರು ಹೇಳಿದ ಹಾಗೆ. ನ್ಯೂಸ್ ಓದೋ ಹುಡುಗಿ ಮನಸ್ಸಲ್ಲೇ ಓದಿದ್ರೂ 4, ಅಲ್ಲಿ ಮೇಷ್ಟ್ರ ಅಂದಾಜು ಪೂರ್ತಿ ಸರಿ ಬರ್ಲಿಲ್ಲ, ಅವಳಿಗೆ ಪದಗಳೇ ಗೊತ್ತಿಲ್ಲ ಅನ್ಸುತ್ತೆ. ಆಶ್ಚರ್ಯ ಅಂದ್ರೆ ಕೊನೇ ಬೆಂಚಲ್ಲಿ ಕೂತು ವರ್ಷಪೂರ್ತಿ ಬಾಯಿ ಬಿಡದ ಒಬ್ಬ ಕೇಳೋದ್ರಲ್ಲಿ 9. ಎಲ್ಲಾ ಕನ್ನಡದಲ್ಲಿ ಬರೆದಿದ್ದ, ಅಕ್ಷರ ತಪ್ಪು ಬೇಕಾದಷ್ಟು. ಹೇಗೋ ಅಂತ ಕೇಳಿದ್ರೆ 'ಕ್ರಿಕೆಟ್ ಕಾಮೆಂಟ್ರಿ ಇಂಗ್ಲಿಷ್‌ನ್ಯಾಗ ಕೇಳ್ತೀನ್ರಿ ಮೇಡಂ' ಅಂದ. ಇವನಿಗೆ ಫಸ್ಟ್ ಟೆಸ್ಟಲ್ಲಿ ನಾನೇ ಹಾಕಿದ ಮಾರ್ಕ್ಸ್ ತೆಗೆದು ನೋಡಿದೆ, ಪಾಸೂ ಆಗಿಲ್ಲ.

ಬಂಕಾಪುರದಲ್ಲಿ ನಿಲ್ಲುತ್ತೋ ಇಲ್ವೋ ಅನ್ನೋ ಪ್ರಶ್ನೆಗೆ ಮಾತ್ರ 74ರಲ್ಲಿ 40 ಜನ ನಿಲ್ಲುತ್ತೆ ಅಂತ ಬರೆದಿದ್ದಾರೆ. 'ನಾಟ್' ಕೇಳಿಸಿಲ್ಲ, ನಾನೇ ರೆಕಾರ್ಡಿಂಗಲ್ಲಿ ನುಂಗಿದ್ದೀನಾ ಅಂತ ಅನುಮಾನ ಬಂದು ವಾಪಸ್ ಕೇಳಿದೆ, ಸರಿಯಾಗೇ ಇದೆ.

ಉಣಕಲ್ ಕೆರಿ ದಂಡಿ:

ಮೇಡಂ ಅದು ಇಂಗ್ಲಿಷ್ ತಪ್ಪಲ್ರಿ. ನಮ್ಮ ಕಡೆ ಹುಡುಗ್ರಿಗೆ ಹುಬ್ಬಳ್ಳಿ ಬಸ್ಸು ಬಂಕಾಪುರದಾಗ ನಿಲ್ತದಂತ ಮೊದಲ ಗೊತ್ತೈತಿ, ಕೇಳೂದು ಯಾಕ ಅಂತ ಹಂಗ ಬರ್ದಿರ್ತಾವ. ಮೇಷ್ಟ್ರ ಜೇನುಹುಳದ ಕಥಿನ ಇದು. ಊರಿನ ಹೆಸರು ಬದಲ ಮಾಡಿ ಇನ್ನೊಮ್ಮೆ ಹಚ್ರಿ.